ಫೋನ್ ನೀರಿಗೆ ಬಿದ್ದರೂ ನಂಬರ್ ಉಳಿಯಲಿ

ಮಾನ್ಯರೇ,

ಮಳೆಗಾಲ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರದ ಕಡೆ ಫೋನ್ ನೀರು ಕುಡಿದು ಹಾಳಾಗುವುದು ಮಾಮೂಲು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡನದು, ಭಟ್ಟರದು, ಪಂಪ್‌ಸೆಟ್ ರಿಪೇರಿಯವನದು ಎಂದು ವರ್ಷಗಟ್ಟಲೆ ಕೂಡಿಟ್ಟ ನಂಬರುಗಳೂ ಅದರ ಜೊತೆಗೇ ಹೋಗುತ್ತವೆ. ಇವನ್ನೆಲ್ಲ ದೂರದ ಕಂಪನಿಗೇ ಒಪ್ಪಿಸಬೇಕೆಂದಿಲ್ಲ. ಮನೆಯಲ್ಲೇ ಸಣ್ಣ ಸರ್ವರ್ (ಎಲ್ಲರ ಮಾಹಿತಿ ಕೂಡಿಟ್ಟು ಹಂಚುವ ಕಂಪ್ಯೂಟರ್) ಇಟ್ಟುಕೊಂಡರೆ ಮನೆಮಂದಿಯ ಫೋನು, ಲ್ಯಾಪ್‌ಟಾಪುಗಳಲ್ಲಿ ನಂಬರೂ ಕ್ಯಾಲೆಂಡರೂ ಒಂದೇ ಆಗಿರುತ್ತವೆ.

ಸರ್ವರಿಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಆದರೆ 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇಕು. ನಮ್ಮ ಕಡೆಗೆ ಹಳೆಯ ಲ್ಯಾಪ್‌ಟಾಪೇ ವಾಸಿ. ಪೈಗೆ ಬ್ಯಾಟರಿ ಇಲ್ಲ. ದತ್ತಾಂಶ ಬರೆಯುತ್ತಿರುವಾಗ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡಬಹುದು. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಾಗ ಅದು ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸಬೇಕು, ಅಷ್ಟೆ. ಗುಡುಗು ಶುರುವಾದರೆ ಅಡಾಪ್ಟರನ್ನೂ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಿ. ಸರ್ವರ್ ನಿಂತರೂ ಫೋನಿನಲ್ಲಿರುವ ನಂಬರು ಎಲ್ಲಿಗೂ ಹೋಗುವುದಿಲ್ಲ.

ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಅದರಲ್ಲಿ ನಂಬರು, ಕ್ಯಾಲೆಂಡರುಗಳನ್ನು ಕೂಡಿಟ್ಟು ಫೋನುಗಳಿಗೆ ಹಂಚುವ ರಾಡಿಕೇಲ್ ಎಂಬ ಉಚಿತ ತಂತ್ರಾಂಶ ಕೂರಿಸಿ. ಶುರುವಿನಲ್ಲಿ ಅದು ತಾನಿರುವ ಯಂತ್ರದ ಕರೆಗೆ ಮಾತ್ರ ಓಗೊಡುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಸೆಟ್ಟಿಂಗ್ ಕಡತದಲ್ಲಿ ವಿಳಾಸವನ್ನು 0.0.0.0:5232 ಎಂದು ಬದಲಿಸಿದರೆ ಮನೆಯ ಫೋನುಗಳಿಗೂ ಅದು ಸಿಗುತ್ತದೆ. ಬಳಕೆದಾರರ ಪಾಸ್‌ವರ್ಡ್ ಕಡತ ಮಾಡಿ, ತಪ್ಪು ಪಾಸ್‌ವರ್ಡ್ ಹಾಕಿ ಒಮ್ಮೆ ಪರೀಕ್ಷಿಸಿ. ಹಳೆಯ ಆವೃತ್ತಿಗಳು ಹಾಗೇ ಬಿಟ್ಟರೆ ಯಾರನ್ನಾದರೂ ಒಳಗೆ ಬಿಡುತ್ತವೆ. ರೂಟರಿನಲ್ಲಿ ಸರ್ವರಿಗೆ ಒಂದೇ ಐಪಿ (ಜಾಲದೊಳಗಿನ ವಿಳಾಸ) ಕಾಯಂ ಮಾಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಿ ಫೋನುಗಳು ಹುಡುಕಾಡುತ್ತವೆ.

ಐಫೋನಿನಲ್ಲಿ ಕ್ಯಾಲ್‌ಡಾವ್ (ಕ್ಯಾಲೆಂಡರಿಗೆ), ಕಾರ್ಡ್‌ಡಾವ್ (ನಂಬರಿಗೆ) ಖಾತೆ ಸೇರಿಸಿ ಸರ್ವರಿಗೆ ಜೋಡಿಸುವ ಸೌಲಭ್ಯ ಮೊದಲೇ ಇದೆ. ಆಂಡ್ರಾಯ್ಡ್‌ಗೆ ಡಾವ್‌ಎಕ್ಸ್5 ಆ್ಯಪ್ ಬೇಕು, ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರದಲ್ಲಿ ಉಚಿತ. ಅದಕ್ಕೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡದಿದ್ದರೆ ಸಿಂಕ್ (ಫೋನು, ಸರ್ವರ್ ಎರಡರಲ್ಲೂ ಮಾಹಿತಿ ಒಂದಾಗಿಸುವ ಕೆಲಸ) ಸದ್ದಿಲ್ಲದೆ ನಿಲ್ಲಬಹುದು. ‘ಫೋನ್’ ಅಥವಾ ‘ಸಿಮ್’ನಲ್ಲಿ ಉಳಿಸಿದ ನಂಬರು ತಾನಾಗಿ ಸರ್ವರಿಗೆ ಹೋಗುವುದಿಲ್ಲ. ಅವನ್ನು ವಿಸಿಎಫ್ (ನಂಬರುಗಳ ಪಟ್ಟಿಯ) ಕಡತವಾಗಿ ತೆಗೆದು ಹೊಸ ಖಾತೆಗೆ ತುಂಬಿ, ಮುಂದೆ ಸೇರಿಸುವ ನಂಬರಿಗೂ ಅದೇ ಖಾತೆ ಆಯ್ದುಕೊಳ್ಳಿ.

ಮನೆಯ ಹೊರಗಿನಿಂದಲೂ ಬೇಕೆಂದು ರಾಡಿಕೇಲ್‌ನ ಬಾಗಿಲಾದ 5232 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡಬೇಡಿ. ನಿಮ್ಮ ಸಾಧನಗಳನ್ನಷ್ಟೇ ಬೆಸೆಯುವ ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲ ಬಳಸಿದರೆ, ಹಲವು ಮನೆಗಳಿಗೆ ಒಂದೇ ಐಪಿ ಹಂಚುವ ಸಂಪರ್ಕದಲ್ಲೂ ಕೆಲಸವಾಗುತ್ತದೆ.

ಕ್ಯಾಲೆಂಡರಿನಲ್ಲಿ ಅಡಿಕೆಗೆ ಔಷಧ ಸಿಂಪಡಣೆಯ 45 ದಿನದ ಲೆಕ್ಕವನ್ನು ಒಬ್ಬರು ಹಾಕಿದರೆ ಸಾಕು, ಅದೇ ಖಾತೆ ಬಳಸುವ ಮನೆಯ ಎಲ್ಲರ ಫೋನಿಗೂ ಬರುತ್ತದೆ. ಶ್ರಾದ್ಧದ ತಿಥಿಯನ್ನು ಮಾತ್ರ ‘ಪ್ರತಿವರ್ಷ’ ಎಂದು ಗುರುತಿಸಬೇಡಿ. ಅದು ಇಂಗ್ಲಿಷ್ ತಾರೀಖಿಗೆ ಅಂಟಿಕೊಂಡು ತಿಥಿ ತಪ್ಪುತ್ತದೆ; ಪಂಚಾಂಗ ನೋಡಿ ವರ್ಷವರ್ಷವೂ ಕೈಯಿಂದಲೇ ಹಾಕಬೇಕು.

ಕೊನೆಯದಾಗಿ, ಸಿಂಕ್ ಬ್ಯಾಕಪ್ ಅಲ್ಲ. ಮಗು ಒಂದು ಫೋನಿನಲ್ಲಿ ಅಳಿಸಿದ ನಂಬರು ಸಿಂಕ್ ಆದೊಡನೆ ಎಲ್ಲ ಫೋನಿನಿಂದಲೂ ಹೋಗುತ್ತದೆ. ರಾಡಿಕೇಲ್ ಒಬ್ಬೊಬ್ಬರ ನಂಬರನ್ನೂ ಒಂದೊಂದು ಸಣ್ಣ ಪಠ್ಯ ಕಡತವಾಗಿ ಇಡುತ್ತದೆ. ಆ ಫೋಲ್ಡರನ್ನು ದಿನವೂ ರಾತ್ರಿ ಪೆನ್‌ಡ್ರೈವಿಗೆ ನಕಲಾಗುವಂತೆ ಮಾಡಿ, ಏಳು ದಿನದ ಪ್ರತಿಗಳನ್ನು ಬೇರೆಬೇರೆ ಇಟ್ಟುಕೊಂಡರೆ ಅಳಿಸಿಹೋದ ಭಟ್ಟರ ನಂಬರನ್ನು ಮೊನ್ನೆಯ ಪ್ರತಿಯಿಂದ ಹೆಕ್ಕಿ ತರಬಹುದು.

– ಓದುಗ, ಶಿರಸಿ