ಅಪ್ಪನ ಪೆನ್ಸಿಲ್ ಚುಕ್ಕಿ

ತೀರ್ಥರೂಪ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.

ಫೋನಿರುವಾಗ ಪತ್ರವೇಕೆ ಎಂದು ಅಮ್ಮ ಗಾಬರಿಪಡುವುದು ಬೇಡ. ಕಳೆದ ಭಾನುವಾರ ಅಪ್ಪ ಆಡಿದ ಒಂದು ಮಾತಿಗೆ ಫೋನಿನಲ್ಲಿ ಉತ್ತರ ಹೇಳಲು ನನ್ನಿಂದ ಆಗಲಿಲ್ಲ, ಅಷ್ಟೇ. ಜೊತೆಯಲ್ಲಿ ಓದಿದವರೊಬ್ಬರಿಗೆ ಪ್ರಶಸ್ತಿ ಬಂದಿದೆ ಎಂದು ಸಂತೋಷದಿಂದಲೇ ಹೇಳುತ್ತಿದ್ದಿರಿ ಅಪ್ಪ. ಹೇಳುತ್ತಾ ಹೇಳುತ್ತಾ ದನಿ ಇಳಿಯಿತು. "ನನ್ನ ಬದುಕಿನಲ್ಲಿ ಸಾರ್ಥಕ ಎನ್ನುವಂಥದ್ದು ಏನಾಯಿತು, ನೀನೇ ಹೇಳು" ಎಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಅಮ್ಮನ ಕೈಯಲ್ಲಿತ್ತು. ಈ ವಾರವೆಲ್ಲ ನನಗೆ ರಾತ್ರಿ ಪಾಳಿ. ವಾರ್ಡಿನಲ್ಲಿ ಓಡಾಡುತ್ತಾ ಮನಸ್ಸಿನಲ್ಲೇ ನಿಮಗೆ ಉತ್ತರ ಕೊಡುತ್ತಿದ್ದೆ. ಅದನ್ನೇ ಈಗ ಬರೆಯುತ್ತಿದ್ದೇನೆ.

ಪದವನ್ನು ಬಿಡಿಸಿ ನೋಡು ಎಂದು ಕಲಿಸಿದವರು ನೀವು. ಅರ್ಥದೊಡನೆ ಕೂಡಿದ್ದು ಸಾರ್ಥಕ. ಅದರಲ್ಲಿ ಗೆಲುವಿನ ಮಾತಿಲ್ಲ, ಹೆಸರಿನ ಮಾತಿಲ್ಲ. ಸುಖದ ಮಾತೂ ಇಲ್ಲ ಎಂಬುದು ನನಗೆ ಹೊಳೆದದ್ದು ಈಚೆಗೆ. ಯಶಸ್ಸು, ಸುಖ, ಸಾರ್ಥಕತೆ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟುಕೊಂಡು, ಒಂದು ಕೈತಪ್ಪಿದರೆ ಮೂರೂ ಹೋದವು ಎಂದು ಕೊರಗುತ್ತೇವೆ. ನೀವು ಕೊರಗುತ್ತಿರುವುದೂ ಹಾಗೆಯೇ ಎಂದು ನನ್ನ ಅನುಮಾನ.

1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಜೊತೆಗಾರರೂ ಅಮೆರಿಕದಲ್ಲಿ ಲಾಟರಿ ಗೆದ್ದ 22 ಜನರನ್ನು ಮಾತನಾಡಿಸಿದ್ದರು. ಗೆಲ್ಲದ ಸಾಮಾನ್ಯ ಜನರಿಗಿಂತ ಅವರೇನೂ ಎದ್ದು ಕಾಣುವಷ್ಟು ಹೆಚ್ಚು ಸುಖಿಗಳಾಗಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಇನ್ನೊಂದು ಸಂಗತಿ. ಗೆಳೆಯರೊಡನೆ ಹರಟುವುದು, ಪತ್ರಿಕೆ ಓದುವುದು, ಬೆಳಗಿನ ತಿಂಡಿ ತಿನ್ನುವುದು, ಇಂಥ ದಿನನಿತ್ಯದ ಸಣ್ಣ ಕೆಲಸಗಳಲ್ಲಿ ಅವರಿಗೆ ಉಳಿದವರಿಗಿಂತ ಕಡಿಮೆ ಖುಷಿ ಸಿಗುತ್ತಿತ್ತು. ಇಪ್ಪತ್ತೆರಡು ಜನರ ಮಾತಿನ ಮೇಲೆ ಇಡೀ ಲೋಕದ ಲೆಕ್ಕ ಹಾಕಬಾರದು, ನಿಜ. ಆದರೂ ಅದನ್ನು ಓದಿದ ದಿನ ನನ್ನ ಎದೆಯಲ್ಲಿ ಏನೋ ಚುಚ್ಚಿತು. ಇಲ್ಲಿಗೆ ಬಂದ ಮೊದಲ ಮೂರು ವರ್ಷ ನಾನೂ ಹಾಗೆಯೇ ಇದ್ದೆ. ಪರೀಕ್ಷೆ ಮುಗಿಯಲಿ, ಕೆಲಸ ಕಾಯಂ ಆಗಲಿ, ಸಾಲ ತೀರಲಿ, ಆಮೇಲೆ ಬದುಕೋಣ ಎಂದು ದಿನಗಳನ್ನು ಹಿಂದಕ್ಕೆ ತಳ್ಳುತ್ತಾ ಹೋದೆ. ಎಲ್ಲವೂ ಆಯಿತು. ಆದ ಮರುದಿನ ಬೆಳಿಗ್ಗೆ ಎದ್ದು ಕುಳಿತರೆ ಮನಸ್ಸು ಇನ್ನೊಂದು "ಆಮೇಲೆ"ಯನ್ನು ಹುಡುಕುತ್ತಿತ್ತು.

ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದರು. ಬದುಕೆಲ್ಲ ಬಟ್ಟೆ ಹೊಲಿದವರು. ಕೊನೆಯ ದಿನಗಳು ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಒಂದು ರಾತ್ರಿ ಮೂರು ಗಂಟೆಯ ಹೊತ್ತಿಗೆ ಔಷಧಿ ಕೊಡಲು ಬಗ್ಗಿದಾಗ ಅವರ ಕಣ್ಣು ನನ್ನ ಉಣ್ಣೆಯ ಮೇಲಂಗಿಯಲ್ಲಿ ಜೋತಾಡುತ್ತಿದ್ದ ಗುಂಡಿಯ ಮೇಲೆ ಬಿತ್ತು. ಸೂಜಿದಾರ ತಂದುಕೊಡು ಎಂದರು. ಮರುದಿನ ತಂದೆ. ದಾರ ಪೋಣಿಸಿ ಕೊಡಲು ಮಾತ್ರ ನನಗೆ ಬಿಟ್ಟರು, ಉಳಿದದ್ದೆಲ್ಲ ಅವರದೇ. ಗುಂಡಿಗೂ ಬಟ್ಟೆಗೂ ನಡುವೆ ಒಂದು ಹಲ್ಲುಕಡ್ಡಿ ಇಟ್ಟು ಅದರ ಮೇಲಿಂದ ಹೊಲಿದರು. ಕಡ್ಡಿಯನ್ನು ಮೆಲ್ಲಗೆ ಎಳೆದು ತೆಗೆದು, ಸಡಿಲವಾಗಿ ಉಳಿದ ದಾರದ ಸುತ್ತ ಮತ್ತೆ ದಾರ ಸುತ್ತಿ ಗಂಟು ಹಾಕಿದರು. ಹಾಗೆ ಮಾಡಿದರೆ ಗುಂಡಿಗೆ ಒಂದು ಪುಟ್ಟ ಕತ್ತು ಬರುತ್ತದೆ, ದಪ್ಪ ಬಟ್ಟೆಯನ್ನು ಎಳೆದು ಸುಕ್ಕುಗಟ್ಟಿಸುವುದಿಲ್ಲ. ನಡುಗುವ ಕೈ, ನಲವತ್ತು ನಿಮಿಷ ಹಿಡಿಯಿತು. ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು, ಮತ್ತೆ ಸೂಜಿ ಎತ್ತುತ್ತಿದ್ದರು. ಮುಗಿದ ಮೇಲೆ ಗುಂಡಿಯನ್ನು ಎರಡು ಬಾರಿ ಎಳೆದು ನೋಡಿ, "ಇನ್ನು ಬೀಳುವುದಿಲ್ಲ" ಎಂದರು. ಆ ನಲವತ್ತು ನಿಮಿಷ ಅವರು ರೋಗಿಯಾಗಿರಲಿಲ್ಲ ಅಪ್ಪ. ಇನ್ನೊಬ್ಬರಿಗೆ ಬೇಕಾದದ್ದನ್ನು ಸರಿಯಾಗಿ ಮಾಡಿಕೊಡಬಲ್ಲ ಮನುಷ್ಯನಾಗಿದ್ದರು. ಮೂರು ವಾರದ ಮೇಲೆ ತೀರಿಕೊಂಡರು. ಗುಂಡಿ ಈಗಲೂ ಗಟ್ಟಿಯಾಗಿದೆ.

ಬಡತನವೂ ನೋವೂ ಇದ್ದರೂ ಮನಸ್ಸೊಂದು ಗಟ್ಟಿಯಿದ್ದರೆ ಸಾಕು ಎಂದು ನಾನು ಹೇಳುತ್ತಿಲ್ಲ. ನೋವಿನಿಂದ ಹಲ್ಲು ಕಚ್ಚಿ ಮಲಗಿದವರ ಮುಂದೆ ಅರ್ಥದ ಮಾತು ನಡೆಯುವುದಿಲ್ಲ. ಮೊದಲು ನೋವು ಇಳಿಸಬೇಕು. ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅರಿಸ್ಟಾಟಲ್ ಈ ಮಾತನ್ನು ಖಂಡಿತವಾಗಿ ಹೇಳಿದ್ದ. ಒಳ್ಳೆಯ ಬದುಕಿಗೆ ಗೆಳೆಯರೂ ತಕ್ಕಮಟ್ಟಿನ ಅನುಕೂಲವೂ ಬೇಕೇ ಬೇಕು ಎಂಬುದು ಅವನ ಮತ. ಅದರ ಜೊತೆಗೆ ಅವನು ಹೇಳಿದ ಇನ್ನೊಂದು ವಿಚಾರವನ್ನು ನಿಮಗೆಂದೇ ಎತ್ತಿಟ್ಟುಕೊಂಡಿದ್ದೇನೆ. ಬದುಕಿನ ಒಳಿತು ಎಂಬುದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ವಸ್ತುವಲ್ಲ, ಅದು ಮಾಡುತ್ತಿರುವ ಕೆಲಸದಲ್ಲೇ ಇರುತ್ತದೆ ಎಂಬುದು. ಒಲಿಂಪಿಕ್ಸ್‌ನಲ್ಲಿ ಕಿರೀಟ ಸಿಗುವುದು ಎಲ್ಲರಿಗಿಂತ ಬಲಶಾಲಿಯಾದವನಿಗಲ್ಲ, ಕಣಕ್ಕಿಳಿದು ಸೆಣಸಿದವನಿಗೆ ಎಂದು ಅದಕ್ಕೆ ಹೋಲಿಕೆ ಕೊಟ್ಟಿದ್ದ.

ನೀವು ಮೂವತ್ತಾರು ವರ್ಷ ದಿನವೂ ಕಣಕ್ಕಿಳಿದವರು. ನಾನು ನೋಡಿದ್ದೇನೆ. ರಾತ್ರಿ ಊಟವಾದ ಮೇಲೆ ಮಕ್ಕಳ ಲೆಕ್ಕದ ಪುಸ್ತಕಗಳ ರಾಶಿ ಮುಂದಿಟ್ಟುಕೊಂಡು ಕೂರುತ್ತಿದ್ದಿರಿ. ಕೆಂಪು ಶಾಯಿಯ ಪೆನ್ನು ಜೇಬಿನಲ್ಲೇ ಇರುತ್ತಿತ್ತು, ಕೈಯಲ್ಲಿ ಪೆನ್ಸಿಲ್. ಲೆಕ್ಕ ತಪ್ಪಿದ ಸಾಲಿನ ಕೆಳಗೆ ಒಂದು ಸಣ್ಣ ಚುಕ್ಕಿ. ಉತ್ತರದ ಕೆಳಗಲ್ಲ, ಎಲ್ಲಿ ಜಾರಿದ್ದಾರೋ ಆ ಸಾಲಿನ ಕೆಳಗೆ. ಅದನ್ನು ಹುಡುಕಲು ಪ್ರತಿಯೊಂದು ಮಗುವಿನ ಲೆಕ್ಕವನ್ನೂ ನೀವು ಮೊದಲಿನಿಂದ ಮಾಡಬೇಕಾಗುತ್ತಿತ್ತು. ಗೀಟು ಹಾಕಿಬಿಟ್ಟರೆ ಬೇಗ ಮುಗಿಯುತ್ತದಲ್ಲ ಎಂದು ನಾನೊಮ್ಮೆ ಕೇಳಿದ್ದೆ. "ಗೀಟು ಅಳಿಸಲಾಗುವುದಿಲ್ಲ. ಚುಕ್ಕಿಯನ್ನು ಅವನೇ ಅಳಿಸಬಹುದು, ತಿದ್ದಿದ ಮೇಲೆ ಪುಸ್ತಕ ಚೊಕ್ಕವಾಗಿರುತ್ತದೆ" ಎಂದಿರಿ. ಆ ಚುಕ್ಕಿಗಳಲ್ಲಿ ಒಂದೂ ಈಗ ಉಳಿದಿರಲಾರದು. ಅಳಿಸಿಹೋಗಲೆಂದೇ ಇಟ್ಟವು ತಾನೇ. ನಿಮಗೆ ಪ್ರಶಸ್ತಿ ಬರಲಿಲ್ಲ ಎಂದು ಯೋಚಿಸಿದಾಗಲೆಲ್ಲ ನನಗೆ ನೆನಪಾಗುವುದು ಆ ಚುಕ್ಕಿಗಳೇ.

ಇಷ್ಟು ಹೇಳಿ ನಿಮ್ಮ ಕೊರಗನ್ನೂ ಅಳಿಸಿಬಿಡುತ್ತೇನೆ ಎಂದುಕೊಳ್ಳಬೇಡಿ. ಗಣಿತದಲ್ಲಿ ಮುಂದೆ ಓದಬೇಕೆಂದಿದ್ದಿರಿ, ಮನೆಯ ಹೊರೆ ಹೊತ್ತು ಬಿಟ್ಟಿರಿ. ಅದು ನಷ್ಟವೇ. ಮೂವತ್ತಾರು ವರ್ಷದ ಪಾಠ ಅದನ್ನು ತುಂಬಿಕೊಡುತ್ತದೆ ಎಂದರೆ ಸುಳ್ಳಾಗುತ್ತದೆ, ಅದರ ಲಾಭ ಉಂಡವಳು ನಾನೇ ಆಗಿರುವಾಗ ಆ ಮಾತು ನನ್ನ ಬಾಯಲ್ಲಿ ಬರಲೂಬಾರದು. ಆದರೆ ಸಾರ್ಥಕವಾದ ಬದುಕಿನಲ್ಲಿ ಒಂದು ಖಾಲಿ ಜಾಗವೂ ಇರಬಾರದು ಎಂದು ಯಾರು ಹೇಳಿದರು? ವಾರ್ಡಿನಲ್ಲಿ ಎಷ್ಟೋ ಜನರ ಕೊನೆಯ ಮಾತುಗಳನ್ನು ಕೇಳಿದ್ದೇನೆ. ಬದುಕು ಧನ್ಯವಾಯಿತು ಎಂದವರೂ ತಮ್ಮ ಒಂದು ಖಾಲಿ ಜಾಗವನ್ನು ತೋರಿಸಿಯೇ ಹಾಗೆಂದದ್ದು.

ಅಮ್ಮನಿಗೂ ಒಂದು ವಿಷಯ ಹೇಳಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಶುರುವಾದ ಒಂದು ಅಧ್ಯಯನ ಎಂಬತ್ತು ವರ್ಷ ದಾಟಿದೆ. ಅಲ್ಲಿನ 268 ವಿದ್ಯಾರ್ಥಿಗಳ ಮತ್ತು ಬಾಸ್ಟನ್ನಿನ ಬಡ ಕೇರಿಗಳ 456 ಹುಡುಗರ ಬದುಕನ್ನು ಮುಪ್ಪಿನವರೆಗೂ ಹಿಂಬಾಲಿಸಿದ್ದಾರೆ. ಐವತ್ತನೆಯ ವಯಸ್ಸಿನಲ್ಲಿ ತಮ್ಮವರೊಡನೆ ನೆಮ್ಮದಿಯಿಂದ ಇದ್ದವರೇ ಎಂಬತ್ತರಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾಗಿದ್ದರು ಎಂದು ಅದನ್ನು ಈಗ ನಡೆಸುತ್ತಿರುವ ಮನೋವೈದ್ಯ ರಾಬರ್ಟ್ ವಾಲ್ಡಿಂಗರ್ ಹೇಳುತ್ತಾರೆ. ಮೊದಲಿಗೆ ಬರೀ ಗಂಡಸರನ್ನೇ ಆರಿಸಿಕೊಂಡಿದ್ದರು, ಹೆಂಡತಿ ಮಕ್ಕಳು ಸೇರಿದ್ದು ಬಹಳ ತಡವಾಗಿ. ಅಮ್ಮ, ಆ ನೆಮ್ಮದಿಯನ್ನು ಮನೆಯಲ್ಲಿ ದಿನವೂ ಕಟ್ಟುತ್ತಿದ್ದವರು ಯಾರು ಎಂದು ಶುರುವಿನಲ್ಲೇ ಕೇಳಬೇಕಿತ್ತು ಎಂದು ನನಗೆ ಅನ್ನಿಸಿತು. ಆ ಪ್ರಶ್ನೆಯನ್ನು ನಾನೂ ನಿಮಗೆ ಇದುವರೆಗೆ ಕೇಳಿಲ್ಲ. ಅದಕ್ಕೆ ಬೇರೆಯೇ ಪತ್ರ ಬರೆಯುತ್ತೇನೆ.

ಅಪ್ಪ, ನಿಮ್ಮ ಆ ಗಣಿತದ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಏನು ಓದಬೇಕೆಂದಿದ್ದಿರಿ, ಯಾವ ಲೆಕ್ಕ ನಿಮ್ಮನ್ನು ನಿದ್ದೆಗೆಡಿಸುತ್ತಿತ್ತು, ಬಿಟ್ಟ ದಿನ ಏನು ಮಾಡಿದಿರಿ, ಒಂದನ್ನೂ ನಾನು ಕೇಳಲಿಲ್ಲ. ಬರುವ ಭಾನುವಾರ ನನಗೆ ರಜೆ. ಫೋನು ಮಾಡುತ್ತೇನೆ. ಈ ಸಲ ಅದನ್ನು ಬೇಗ ಅಮ್ಮನ ಕೈಗೆ ಕೊಟ್ಟುಬಿಡಬೇಡಿ. ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಂಡು ಕುಳಿತಿರಿ. ನಾನೂ ಇಟ್ಟುಕೊಂಡಿರುತ್ತೇನೆ.

ನಿಮ್ಮ ಪ್ರೀತಿಯ
ಮಗಳು