ಸಂಸದೀಯ ಸಮಿತಿಗಳು ಕನ್ನಡದ ಮನವಿಯನ್ನೂ ಸ್ವೀಕರಿಸಲಿ

ಮಾನ್ಯ ಸಂಪಾದಕರೇ,

ಯಾವುದಾದರೂ ಮಸೂದೆ ಸಂಸದೀಯ ಸಮಿತಿಯ ಪರಿಶೀಲನೆಗೆ ಹೋದಾಗ ಲೋಕಸಭೆಯ ಅಥವಾ ರಾಜ್ಯಸಭೆಯ ಸಚಿವಾಲಯವು ಸಾರ್ವಜನಿಕರಿಂದ ಸಲಹೆ, ಆಕ್ಷೇಪಣೆಗಳನ್ನು ಆಹ್ವಾನಿಸಿ ಪ್ರಕಟಣೆ ಹೊರಡಿಸುವುದು ವಾಡಿಕೆ. ಮನವಿಯ ಎರಡು ಪ್ರತಿಗಳನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಸಾಮಾನ್ಯವಾಗಿ 15 ದಿನಗಳೊಳಗೆ, ದೆಹಲಿಗೆ ತಲುಪಿಸಬೇಕು ಎಂಬುದು ಅದರ ಒಕ್ಕಣೆ. ಸಮಿತಿಯ ಮುಂದೆ ಖುದ್ದಾಗಿ ಹಾಜರಾಗಿ ಹೇಳಿಕೆ ನೀಡಲು ಇಚ್ಛಿಸುವವರು ಅದನ್ನೂ ಬರೆದು ತಿಳಿಸಬಹುದು. ಕೇಂದ್ರದ ಕಾನೂನು ರೂಪುಗೊಳ್ಳುವ ಹಾದಿಯಲ್ಲಿ ಸಾಮಾನ್ಯ ಪ್ರಜೆಯ ಮಾತನ್ನು ಸಂಸತ್ತು ತಾನಾಗಿಯೇ ಕೇಳುವ ಅವಕಾಶ ಬಹುಮಟ್ಟಿಗೆ ಇದೊಂದೇ. ಆ ಅವಕಾಶ ಕನ್ನಡ ಮಾತ್ರ ಬಲ್ಲವರ ಪಾಲಿಗೆ ಇಲ್ಲದಂತಾಗಿರುವುದರ ಬಗ್ಗೆ ನಮ್ಮಲ್ಲಿ ಚರ್ಚೆಯೇ ಆಗಿಲ್ಲ ಎಂಬ ನೋವಿನಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಲೆನಾಡಿನವನಾದ ನನಗೆ ಮೊದಲು ನೆನಪಾಗುವುದು 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ. ಅರಣ್ಯ ಎಂಬ ಪದಕ್ಕೆ ನಿಘಂಟಿನ ಅರ್ಥವನ್ನೇ ಅನ್ವಯಿಸಬೇಕೆಂದು ಸುಪ್ರೀಂ ಕೋರ್ಟ್ ಗೋದವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್‌ನಲ್ಲಿ ನೀಡಿದ ಆದೇಶದಿಂದಾಗಿ ಡೀಮ್ಡ್ ಅರಣ್ಯದ (ಅಧಿಸೂಚನೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಮೀನಿನ) ಪ್ರಶ್ನೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಕೊಡಗು ಜಿಲ್ಲೆಗಳ ಮನೆಮನೆಯ ಪ್ರಶ್ನೆಯಾಗಿತ್ತು. ಅಧಿಸೂಚನೆಯಾದ ಅರಣ್ಯ ಹಾಗೂ 1980ರ ಅಕ್ಟೋಬರ್ 25ರಂದು ಅಥವಾ ಅದರ ನಂತರ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ನಮೂದಾದ ಜಮೀನಿಗೆ ಮಾತ್ರ ಕಾಯ್ದೆ ಅನ್ವಯಿಸುತ್ತದೆ ಎಂದು ಈ ತಿದ್ದುಪಡಿ ಹೇಳಿತು. ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟ, ಊರವರು ತಲೆತಲಾಂತರದಿಂದ ಕಾಯ್ದುಕೊಂಡು ಬಂದ ಕಾನು, ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡಿರುವ ಬಾಣೆ, ದನ ಮೇಯುವ ಗೋಮಾಳ ಇವುಗಳಲ್ಲಿ ಯಾವುದು ಯಾವ ದಾಖಲೆಯಲ್ಲಿ ಏನೆಂದು ನಮೂದಾಗಿದೆ ಎಂಬುದನ್ನು ಬಲ್ಲವರು ಇಲ್ಲಿಯ ಹಿಡುವಳಿದಾರರು, ಬಗರ್ ಹುಕುಂ ಸಾಗುವಳಿದಾರರು, ಅರಣ್ಯವಾಸಿಗಳು. ಕಾಡು ಉಳಿಯಬೇಕೆನ್ನುವವರಿಗೂ ಸಾಗುವಳಿ ಜಮೀನು ಉಳಿಯಬೇಕೆನ್ನುವವರಿಗೂ ಆ ಸಮಿತಿಯ ಮುಂದೆ ಹೇಳಲು ಬೇಕಾದಷ್ಟು ಇತ್ತು. ಆದರೆ ಅವರ ಪಹಣಿ, ಕಂದಾಯ ಇಲಾಖೆಯ ನೋಟಿಸು, ಗ್ರಾಮಸಭೆಯ ನಡಾವಳಿ ಎಲ್ಲವೂ ಇರುವುದು ಕನ್ನಡದಲ್ಲಿ. ಅದನ್ನೆಲ್ಲ ಹದಿನೈದು ದಿನಗಳಲ್ಲಿ ಇಂಗ್ಲಿಷಿಗೆ ತಂದು, ಮಸೂದೆಯ ಯಾವ ಖಂಡಕ್ಕೆ ಯಾವ ಆಕ್ಷೇಪ ಎಂದು ಜೋಡಿಸಿ ಕಳಿಸುವ ಶಕ್ತಿ ವಕೀಲರ ನೆರವಿರುವ ಸಂಘಸಂಸ್ಥೆಗಳಿಗೆ ಇರಬಹುದೇ ಹೊರತು ಸೊರಬದ ಒಬ್ಬ ಸಣ್ಣ ಹಿಡುವಳಿದಾರನಿಗೆ ಇಲ್ಲ.

ಆ ಮಸೂದೆಯನ್ನು ಅರಣ್ಯ ಮತ್ತು ಪರಿಸರಕ್ಕೆ ಸಂಬಂಧಿಸಿದ ಸ್ಥಾಯಿ ಸಮಿತಿಗೆ ಒಪ್ಪಿಸದೆ ಪ್ರತ್ಯೇಕ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಸಮಿತಿ ಒಂದು ಬದಲಾವಣೆಯನ್ನೂ ಸೂಚಿಸದೆ 2023ರ ಜುಲೈನಲ್ಲಿ ವರದಿ ನೀಡಿತು. ವಿರೋಧ ಪಕ್ಷಗಳ ಸದಸ್ಯರು ಭಿನ್ನಮತದ ಟಿಪ್ಪಣಿ ಬರೆದರು. ಆಗಸ್ಟ್ ಮೊದಲ ವಾರದೊಳಗೆ ಎರಡೂ ಸದನಗಳಲ್ಲಿ ಮಸೂದೆಗೆ ಒಪ್ಪಿಗೆ ಸಿಕ್ಕಿತು. ಕನ್ನಡದಲ್ಲಿ ಮನವಿ ಸ್ವೀಕರಿಸಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು ಎಂದು ನಾನು ವಾದಿಸುವುದಿಲ್ಲ. ಆದರೆ ಮಲೆನಾಡಿನ ಜನರ ಮಾತು ಅವರದೇ ಭಾಷೆಯಲ್ಲಿ ಸಂಸತ್ತಿನ ದಾಖಲೆ ಸೇರುತ್ತಿತ್ತು, ಮುಂದೆ ಈ ಕಾಯ್ದೆಯನ್ನು ಅರ್ಥೈಸುವವರ ಕಣ್ಣಿಗೂ ಬೀಳುತ್ತಿತ್ತು.

ಸಮಿತಿಗಳ ಮಾತಿಗೆ ಬೆಲೆ ಎಲ್ಲಿದೆ, ಕೊನೆಗೆ ಸರ್ಕಾರ ತನಗೆ ಬೇಕಾದ್ದನ್ನೇ ಮಾಡುತ್ತದಲ್ಲ ಎಂದು ಕೇಳುವವರಿದ್ದಾರೆ. ಸಮಿತಿಯ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ ಎಂಬುದು ನಿಜ. ಆದರೂ ಬಾಡಿಗೆ ತಾಯ್ತನದ ಮಸೂದೆಗೆ ಆದದ್ದನ್ನು ಗಮನಿಸಬೇಕು. 2019ರಲ್ಲಿ ಲೋಕಸಭೆ ಅಂಗೀಕರಿಸಿದ ರೂಪದಲ್ಲಿ ದಂಪತಿಯ ಹತ್ತಿರದ ಸಂಬಂಧಿ ಮಾತ್ರ ಬಾಡಿಗೆ ತಾಯಿಯಾಗಬಹುದಿತ್ತು. ಆಕೆಗೆ ಸಿಗುತ್ತಿದ್ದ ವಿಮೆಯ ಅವಧಿ 16 ತಿಂಗಳು. ರಾಜ್ಯಸಭೆ ಅದನ್ನು ಆ ಮಸೂದೆಗೆಂದೇ ರಚಿಸಿದ ಪ್ರವರ ಸಮಿತಿಗೆ (ಸೆಲೆಕ್ಟ್ ಕಮಿಟಿ) ಒಪ್ಪಿಸಿತು. ಹತ್ತಿರದ ಸಂಬಂಧಿಯೇ ಆಗಿರಬೇಕೆಂಬ ನಿಬಂಧನೆ ಕುಟುಂಬದೊಳಗಿನ ಹೆಣ್ಣುಮಕ್ಕಳ ಮೇಲೆ ಒತ್ತಡಕ್ಕೆ ದಾರಿಯಾಗುತ್ತದೆ ಎಂಬಂತಹ ಆತಂಕಗಳನ್ನೆಲ್ಲ ಕೂತು ಕೇಳಿದ ಸಮಿತಿ, ಇಚ್ಛೆಯುಳ್ಳ ಮಹಿಳೆಗೆ ಅವಕಾಶವಿರಲಿ, ವಿಧವೆಯರಿಗೂ ವಿಚ್ಛೇದಿತೆಯರಿಗೂ ಈ ಸೌಲಭ್ಯ ಸಿಗಲಿ, ವಿಮೆ 36 ತಿಂಗಳಿಗೆ ಏರಲಿ ಎಂದು 2020ರಲ್ಲಿ ಶಿಫಾರಸು ಮಾಡಿತು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಲ್ಲಿ ವಿಮೆಯ ಅವಧಿ 36 ತಿಂಗಳೆಂದೇ ಇದೆ. ಹೆರಿಗೆಯ ನಂತರ ತಲೆದೋರುವ ತೊಂದರೆಗೆ ಚಿಕಿತ್ಸೆ ಬೇಕಾದ ಒಬ್ಬ ಬಡ ಹೆಣ್ಣುಮಗಳಿಗೆ ಆ ಇಪ್ಪತ್ತು ತಿಂಗಳ ವ್ಯತ್ಯಾಸ ಸಣ್ಣದಲ್ಲ. ಅದು ಬಂದದ್ದು ಸಮಿತಿಯ ಕೋಣೆಯಿಂದ.

ಇಂತಹ ಕೆಲಸಕ್ಕೆಂದೇ 1993ರಲ್ಲಿ 17 ಇಲಾಖಾ ಸಂಬಂಧಿತ ಸ್ಥಾಯಿ ಸಮಿತಿಗಳು ಹುಟ್ಟಿದವು. 2004ರಲ್ಲಿ ಅವು 24ಕ್ಕೆ ಏರಿದವು. ಒಂದೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುತ್ತಾರೆ, ಸಚಿವರಿಗೆ ಸದಸ್ಯತ್ವವಿಲ್ಲ. ಕ್ಯಾಮೆರಾ ಇಲ್ಲದ ಆ ಕೋಣೆಯಲ್ಲಿ ಇಲಾಖೆಯ ಕಾರ್ಯದರ್ಶಿ ಬಂದು ಪ್ರಶ್ನೆಗಳಿಗೆ ಉತ್ತರಿಸಬೇಕು. ಬಜೆಟ್ ಮಂಡನೆಯ ನಂತರ ಸದನಕ್ಕೆ ಬಿಡುವು ಕೊಡುವುದೇ ಈ ಸಮಿತಿಗಳು ಇಲಾಖೆಗಳ ಅನುದಾನ ಬೇಡಿಕೆಗಳನ್ನು ಪರಿಶೀಲಿಸಲಿ ಎಂಬ ಕಾರಣಕ್ಕೆ. 2018ರಲ್ಲೂ 2023ರಲ್ಲೂ ಲೋಕಸಭೆ ಎಲ್ಲ ಬೇಡಿಕೆಗಳನ್ನು ಚರ್ಚೆಯೇ ಇಲ್ಲದೆ ಗಿಲೋಟಿನ್ ಮಾಡಿ, ಅಂದರೆ ಒಟ್ಟಿಗೆ ಮತಕ್ಕೆ ಹಾಕಿ, ಒಪ್ಪಿತು. ಆ ವರ್ಷಗಳಲ್ಲಿ ದೇಶದ ಖರ್ಚಿನ ಪಟ್ಟಿಯನ್ನು ಸಂಸತ್ತಿನಲ್ಲಿ ಯಾರಾದರೂ ಬಿಡಿಸಿ ಓದಿದ್ದರೆ ಅದು ಈ ಸಮಿತಿಗಳೇ.

ಸಮಿತಿಗಳ ಕ್ರಮಾನುಷ್ಠಾನ ವರದಿಯನ್ನು (ಆಕ್ಷನ್ ಟೇಕನ್ ರಿಪೋರ್ಟ್) ಒಮ್ಮೆಯಾದರೂ ತೆರೆದು ನೋಡಬೇಕೆಂದು ಓದುಗರನ್ನು ಕೋರುತ್ತೇನೆ. ಸಂಸತ್ತಿನ ಜಾಲತಾಣದಲ್ಲಿ ಅದು ಉಚಿತವಾಗಿ ಸಿಗುತ್ತದೆ. ಮೊದಲು ಸಮಿತಿಯ ಶಿಫಾರಸು, ಕೆಳಗೆ ಸರ್ಕಾರದ ಉತ್ತರ, ಉತ್ತರ ಸಾಲದೆಂದು ಕಂಡಲ್ಲಿ ಸಮಿತಿಯ ಮರುಟಿಪ್ಪಣಿ. ಸರ್ಕಾರ ಒಪ್ಪಿದವು ಒಂದು ಅಧ್ಯಾಯ, ಉತ್ತರ ನೋಡಿ ಸಮಿತಿ ಕೈಬಿಟ್ಟವು ಇನ್ನೊಂದು, ಸರ್ಕಾರದ ಉತ್ತರವನ್ನು ಸಮಿತಿ ಒಪ್ಪದವು ಮತ್ತೊಂದು, ಅಂತಿಮ ಉತ್ತರ ಬಾಕಿ ಇರುವವು ಕೊನೆಯದು. ಒಂದು ಸರ್ಕಾರ ಯಾವ ಪ್ರಶ್ನೆಗೆ ನೇರವಾಗಿ ಉತ್ತರಿಸಿತು, ಯಾವುದಕ್ಕೆ ಜಾರಿಕೊಂಡಿತು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸರ್ಕಾರಿ ದಾಖಲೆ ಬೇರೊಂದನ್ನು ನಾನು ಕಂಡಿಲ್ಲ. ಅದೂ ಕನ್ನಡದಲ್ಲಿ ಸಿಗುವುದಿಲ್ಲ.

ಇಷ್ಟಾಗಿಯೂ ಮಸೂದೆಯನ್ನು ಸಮಿತಿಗೆ ಒಪ್ಪಿಸಲೇಬೇಕೆಂಬ ನಿಯಮ ನಮ್ಮಲ್ಲಿಲ್ಲ. ಸ್ಪೀಕರ್ ಅಥವಾ ಸಭಾಪತಿ ಒಪ್ಪಿಸಿದ ಮಸೂದೆಗಳನ್ನಷ್ಟೇ ಸ್ಥಾಯಿ ಸಮಿತಿ ನೋಡಬೇಕು. ಆ ತೀರ್ಮಾನದ ಹಿಂದೆ ಇರುವುದು ಬಹುತೇಕ ಸರ್ಕಾರದ ಇಚ್ಛೆಯೇ. ಬ್ರಿಟನ್ನಿನಲ್ಲಿ ಬಹುತೇಕ ಮಸೂದೆಗಳು ಎರಡನೇ ವಾಚನ ಮುಗಿದೊಡನೆ ತಾವಾಗಿಯೇ ಸಮಿತಿಗೆ ಹೋಗುತ್ತವೆ. ಸಂಸತ್ತಿನ ಕಲಾಪವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ಲೆಕ್ಕದಂತೆ 15ನೇ ಲೋಕಸಭೆಯ (2009–14) ಅವಧಿಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು. 16ನೇ ಲೋಕಸಭೆಯಲ್ಲಿ (2014–19) ಅದು ನಾಲ್ಕನೇ ಒಂದು ಭಾಗದ ಆಸುಪಾಸಿಗೆ ಬಂದಿತು. 17ನೇ ಲೋಕಸಭೆಯಲ್ಲಿ (2019–24) ಸುಮಾರು ಶೇ 16. 2020ರ ಮೂರು ಕೃಷಿ ಮಸೂದೆಗಳು ಯಾವ ಸಮಿತಿಯನ್ನೂ ಕಾಣದೆ, ಸೆಪ್ಟೆಂಬರ್ ತಿಂಗಳೊಂದರಲ್ಲೇ ಎರಡೂ ಸದನಗಳನ್ನು ದಾಟಿದವು. ರಾಜ್ಯಸಭೆಯಲ್ಲಿ ಧ್ವನಿಮತವೇ ಸಾಕೆನಿಸಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ರೈತರು ದೆಹಲಿಯ ಗಡಿಯಲ್ಲಿ ಕೂತ ಮೇಲೆ, 2021ರ ನವೆಂಬರ್ 29ರಂದು ಆ ಕಾಯ್ದೆಗಳನ್ನು ಚರ್ಚೆಯಿಲ್ಲದೆಯೇ ರದ್ದುಗೊಳಿಸಲಾಯಿತು. ಎಪಿಎಂಸಿ ಪ್ರಾಂಗಣದ ಹಮಾಲರು, ದಲಾಲರು, ಬೆಳೆಗಾರರು ರಸ್ತೆಗಿಳಿದು ಹೇಳಬೇಕಾಗಿ ಬಂದದ್ದನ್ನು ಕೃಷಿ ಸ್ಥಾಯಿ ಸಮಿತಿಯ ಮುಂದೆ ಕುರ್ಚಿಯಲ್ಲಿ ಕೂತು ಹೇಳಬಹುದಿತ್ತು.

ಸಮಿತಿಗೆ ಒಪ್ಪಿಸಿದರೆ ಕಾನೂನು ವಿಳಂಬವಾಗುತ್ತದೆ ಎಂಬ ವಾದಕ್ಕೆ ಮೂರು ಅಪರಾಧ ಸಂಹಿತೆಗಳ ಮಸೂದೆಗಳೇ ಉತ್ತರ. 2023ರ ಆಗಸ್ಟ್ 11ರಂದು ಮಂಡನೆಯಾದ ಅವು ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಗೆ ಹೋಗಿ, ಮೂರು ತಿಂಗಳಲ್ಲಿ ವರದಿ ಬಂದು, ಸರ್ಕಾರ ಹಳೆಯ ಮಸೂದೆಗಳನ್ನು ಹಿಂಪಡೆದು ಹೊಸದಾಗಿ ಮಂಡಿಸಿ, ಅದೇ ಡಿಸೆಂಬರ್‌ನಲ್ಲಿ ಅಂಗೀಕಾರವಾದವು. ಅಷ್ಟು ಸಮಯವೂ ಸಾಲದೆಂದು ಸಮಿತಿಯ ಸದಸ್ಯರೇ ಕೆಲವರು ಆಕ್ಷೇಪಿಸಿದ್ದರು; ನನಗೂ ಅದು ಸರಿಯೆನಿಸುತ್ತದೆ.

ನಮ್ಮ ರಾಜ್ಯದವರೇ ಆದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ನೇತೃತ್ವದ ಸಂವಿಧಾನ ಪುನರವಲೋಕನ ಆಯೋಗವು 2002ರಲ್ಲಿ ನೀಡಿದ ವರದಿಯಲ್ಲಿ, ಸಮಿತಿಗಳಿಗೆ ವಿಷಯ ತಜ್ಞರ ನೆರವು ಬೇಕು, ಅವುಗಳ ಮುಖ್ಯ ವರದಿಗಳು ಸದನದಲ್ಲಿ ಚರ್ಚೆಯಾಗಬೇಕು ಎಂದಿತ್ತು. ಎರಡು ದಶಕ ದಾಟಿದರೂ ಸ್ಥಾಯಿ ಸಮಿತಿಯ ವರದಿಯ ಮೇಲೆ ಸದನ ದಿನವಿಡೀ ಚರ್ಚಿಸಿದ ಸುದ್ದಿ ಕೇಳಿಬರುವುದು ಅಪರೂಪದಲ್ಲಿ ಅಪರೂಪ.

ಇವೆಲ್ಲವನ್ನೂ ಒಂದೇ ದಿನದಲ್ಲಿ ಸರಿಪಡಿಸಲಾಗದು. ಆದರೆ ಭಾಷೆಯ ಅಡ್ಡಿಯನ್ನು ನಿವಾರಿಸಲು ಸಂವಿಧಾನ ತಿದ್ದುಪಡಿಯೇನೂ ಬೇಡ. ಸಂವಿಧಾನದ 120ನೇ ವಿಧಿಯ ಪ್ರಕಾರ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಸಮರ್ಪಕವಾಗಿ ಮಾತನಾಡಲಾಗದ ಸದಸ್ಯರಿಗೆ ಸದನದಲ್ಲಿ ಮಾತೃಭಾಷೆಯಲ್ಲಿ ಮಾತನಾಡಲು ಸ್ಪೀಕರ್ ಅನುಮತಿ ಕೊಡಬಹುದು; ಕನ್ನಡದ ಭಾಷಣಕ್ಕೆ ಏಕಕಾಲಿಕ ಅನುವಾದದ ಏರ್ಪಾಡೂ ಇದೆ. ಸುಪ್ರೀಂ ಕೋರ್ಟ್ 2019ರಿಂದ ತನ್ನ ತೀರ್ಪುಗಳನ್ನು ಕನ್ನಡಕ್ಕೂ ಅನುವಾದಿಸಿ ಪ್ರಕಟಿಸುತ್ತಿದೆ. ಭಾರತೀಯ ಭಾಷೆಗಳ ಅನುವಾದಕ್ಕಾಗಿ ಕೇಂದ್ರ ಸರ್ಕಾರವೇ 2022ರಲ್ಲಿ ಭಾಷಿಣಿ ಎಂಬ ವ್ಯವಸ್ಥೆಯನ್ನು ಆರಂಭಿಸಿದೆ. ಸದನದಲ್ಲಿ ಸಂಸದನಿಗೆ ಸಿಗುವ ಅನುವಾದದ ಸೌಲಭ್ಯ ಆತನನ್ನು ಆರಿಸಿ ಕಳಿಸಿದ ಮತದಾರನ ಮನವಿಗೆ ಸಿಗಬಾರದೇಕೆ? ಸಂವಿಧಾನದ ಎಂಟನೇ ಅನುಸೂಚಿಯಲ್ಲಿ ಪಟ್ಟಿಯಾಗಿರುವ ಯಾವುದೇ ಭಾಷೆಯಲ್ಲಿ ಬರೆದ ಮನವಿಯನ್ನು ಸಮಿತಿಗಳು ಸ್ವೀಕರಿಸಬೇಕು, ಅದನ್ನು ಅನುವಾದಿಸಿಕೊಳ್ಳುವ ಹೊಣೆ ಸಚಿವಾಲಯದ್ದಾಗಿರಬೇಕು, ಗಡುವು ಕನಿಷ್ಠ ಒಂದು ತಿಂಗಳಿರಬೇಕು.

ಇದಕ್ಕಾಗಿ ಒತ್ತಾಯಿಸಬೇಕಾದವರು ಕರ್ನಾಟಕದ 28 ಲೋಕಸಭಾ ಸದಸ್ಯರು ಮತ್ತು 12 ರಾಜ್ಯಸಭಾ ಸದಸ್ಯರು. ಸಮಿತಿಗಳ ಅಧ್ಯಕ್ಷ ಸ್ಥಾನ ನಮ್ಮವರಿಗೆ ಹೊಸದೇನಲ್ಲ: ವೀರಪ್ಪ ಮೊಯಿಲಿ ಅವರು ಹಣಕಾಸು ಸ್ಥಾಯಿ ಸಮಿತಿಯನ್ನೂ ಮಲ್ಲಿಕಾರ್ಜುನ ಖರ್ಗೆ ಅವರು ಸಾರ್ವಜನಿಕ ಲೆಕ್ಕಪತ್ರ ಸಮಿತಿಯನ್ನೂ ಮುನ್ನಡೆಸಿದ್ದಾರೆ. ಪಕ್ಷ ಯಾವುದಾದರೂ ಇರಲಿ, ತಾವು ಯಾವ ಸಮಿತಿಯಲ್ಲಿದ್ದೇವೆ, ಕಳೆದ ವರ್ಷ ಅದರ ಎಷ್ಟು ಸಭೆಗಳಿಗೆ ಹೋಗಿದ್ದೆವು, ಅಲ್ಲಿ ಯಾವ ಪ್ರಶ್ನೆ ಎತ್ತಿದೆವು ಎಂಬುದನ್ನು ನಮ್ಮ ಸಂಸದರು ತಮ್ಮ ಕ್ಷೇತ್ರದ ಜನರಿಗೆ ತಿಳಿಸಲಿ. ರೈಲು ನಿಲುಗಡೆ, ಹೆದ್ದಾರಿಗಳಿಗಾಗಿ ಅವರನ್ನು ಕೇಳುವ ನಾವೂ ಈ ಪ್ರಶ್ನೆಯನ್ನು ಅಷ್ಟೇ ಗಟ್ಟಿಯಾಗಿ ಕೇಳಬೇಕಾಗಿದೆ.

ತಮ್ಮಲ್ಲೂ ಒಂದು ಕೋರಿಕೆ. ಯಾವುದೇ ಸಂಸದೀಯ ಸಮಿತಿ ಮಸೂದೆಯ ಬಗ್ಗೆ ಸಲಹೆ ಆಹ್ವಾನಿಸಿದ ದಿನವೇ, ಮಸೂದೆಯ ಹೆಸರು, ಅದರ ಮುಖ್ಯ ಖಂಡಗಳ ಕನ್ನಡ ಸಾರಾಂಶ, ಮನವಿ ಕಳಿಸಬೇಕಾದ ವಿಳಾಸ ಮತ್ತು ಕೊನೆಯ ದಿನಾಂಕವನ್ನು ತಮ್ಮ ಪತ್ರಿಕೆ ಪ್ರಕಟಿಸಲಿ. ಸಚಿವಾಲಯದ ನಿಯಮ ಬದಲಾಗುವವರೆಗೆ, ಇಂಗ್ಲಿಷ್ ಬಲ್ಲ ಮೇಷ್ಟ್ರುಗಳು, ವಕೀಲರು, ಕಾಲೇಜು ವಿದ್ಯಾರ್ಥಿಗಳು ತಮ್ಮ ಊರಿನವರ ಮನವಿಗಳನ್ನು ಅನುವಾದಿಸಿ ಗಡುವಿನೊಳಗೆ ಕಳಿಸಿಕೊಡಲು ಅಷ್ಟು ಮಾಹಿತಿ ಸಾಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಸಾಗರ, ಶಿವಮೊಗ್ಗ ಜಿಲ್ಲೆ