ಲ್ಯಾಬಿನಲ್ಲಿ ಪಕ್ಕದಲ್ಲಿ ಕೂತಿದ್ದ ಅಕ್ಕನಿಗೆ

ಅಕ್ಕಾ, ಅವತ್ತು ನಿಮ್ಮ ಹೆಸರು ಕೇಳುವುದಕ್ಕೂ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಿಪ್ಸ್ ಪ್ರೊಸೆಸರಿನ ಪ್ರೋಗ್ರಾಂಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಮಾರ್ಸ್ ಸಿಮ್ಯುಲೇಟರ್ ಮುಂದೆ ಎರಡು ಗಂಟೆಯಿಂದ ಕೂತಿದ್ದೆ. ಮಿಪ್ಸ್ ಅಸೆಂಬ್ಲಿಯಲ್ಲಿ (ಪ್ರೊಸೆಸರಿಗೆ ಒಂದೊಂದೇ ಆದೇಶ ಕೊಡುವ ಭಾಷೆ) ಐದು ಸಂಖ್ಯೆಗಳ ಅರೇ, ಅಂದ್ರೆ ಮೆಮೊರಿಯಲ್ಲಿ ಸಾಲಾಗಿ ಇಟ್ಟ ಪಟ್ಟಿ, ಪ್ರಿಂಟ್ ಮಾಡಬೇಕಿತ್ತು, ಅಷ್ಟೇ. ಬರಬೇಕಿದ್ದದ್ದು 12, 7, 30, 45, 9. ಬರುತ್ತಿದ್ದದ್ದು 268500992268500993 ಅಂತ ಅಂಟಿಕೊಂಡ ಉದ್ದನೆಯ ಸಾಲು. ನೀವು ಸ್ಕ್ರೀನ್ ನೋಡಿ, "ಇದು ಮನೆ ನಂಬರ್ ಕಣಮ್ಮ, ಒಳಗಿರುವವರನ್ನು ನೀನು ಕರೆದೇ ಇಲ್ಲ" ಅಂದಿರಿ. ನಾನು ಸಂಖ್ಯೆಯ ಬದಲು ಅದು ಮೆಮೊರಿಯಲ್ಲಿರುವ ವಿಳಾಸವನ್ನೇ ಎ0 ರಿಜಿಸ್ಟರಿಗೆ (ಪ್ರಿಂಟ್ ಆಗಬೇಕಾದದ್ದನ್ನು ಇಡುವ, ಪ್ರೊಸೆಸರಿನೊಳಗಿನ ಪುಟ್ಟ ಜಾಗ) ಹಾಕಿದ್ದೆ. ಎಲ್‌ಡಬ್ಲ್ಯೂ (ಲೋಡ್ ವರ್ಡ್) ಆದೇಶ ಬಳಸಿ ಮೆಮೊರಿಯಿಂದ ಬೆಲೆಯನ್ನು ತರಬೇಕಿತ್ತು. ಬದಲಾಯಿಸಿದೆ. 12 ಬಂತು, ಮರುಕ್ಷಣವೇ ಅಲೈನ್‌ಮೆಂಟ್ ಎರರ್, ಅಂದ್ರೆ ವಿಳಾಸ ಸಂಖ್ಯೆಯ ಶುರುವಿಗೆ ಸರಿಹೊಂದಿಲ್ಲ ಅಂತ ದೂರು.

ಉತ್ತರ ಹೇಳಿ ಎದ್ದು ಹೋಗಬಹುದಿತ್ತು ನೀವು. ಬದಲಿಗೆ ನನ್ನ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಪೆನ್ಸಿಲ್‌ನಿಂದ ಇಪ್ಪತ್ತು ಚೌಕ ಬರೆದಿರಿ, ಒಂದೊಂದು ಚೌಕ ಮೆಮೊರಿಯ ಒಂದೊಂದು ಬೈಟ್. ನಾಲ್ಕು ಚೌಕಕ್ಕೊಂದು ದಪ್ಪ ಗೆರೆ. ಒಂದು ಸಂಖ್ಯೆಗೆ 4 ಬೈಟ್, ಹಾಗಾಗಿ ಮುಂದಿನ ಸಂಖ್ಯೆಗೆ ಹೋಗಲು ವಿಳಾಸಕ್ಕೆ ನಾನು ಕೂಡಿಸಿದ್ದ 1 ಅಲ್ಲ, 4 ಕೂಡಿಸಬೇಕು ಅಂತ ನಾನೇ ಹೇಳುವವರೆಗೂ ಸುಮ್ನೆ ಕಾದಿರಿ. ಹಾಗೆ ಕಾದಿದ್ದಕ್ಕೇ ಜಾಸ್ತಿ ಥ್ಯಾಂಕ್ಸ್.

ಸಂಖ್ಯೆಗಳ ನಡುವೆ ಜಾಗ ಬಿಡುವುದನ್ನು ಆಮೇಲೆ ನಾನೇ ಮಾಡಿದೆ. ಸಂಖ್ಯೆ ಪ್ರಿಂಟ್ ಮಾಡಲು ವಿ0 ರಿಜಿಸ್ಟರಿನಲ್ಲಿ 1 ಅನ್ನೋ ಕೋಡ್, ಸ್ಪೇಸ್‌ಗೆ 11, ಪ್ರತಿ ಸಲ ಆ ಕೆಲಸ ಮಾಡಿಸುವ ಸಿಸ್ಕಾಲ್ ಆದೇಶ. ಎರಡಕ್ಕೂ ಎ0 ಬೇಕಲ್ವಾ, ಅದಕ್ಕೆ ಅರೇ ವಿಳಾಸವನ್ನು ಟಿ0 ಅನ್ನೋ ಇನ್ನೊಂದು ರಿಜಿಸ್ಟರಿನಲ್ಲಿ ಜೋಪಾನವಾಗಿ ಇಟ್ಟೆ. ಐದೂ ಸಂಖ್ಯೆ ಒಂದೇ ಸಾಲಿನಲ್ಲಿ ಬಂದಾಗ ನಿಮ್ಮ ಕುರ್ಚಿಯ ಕಡೆ ತಿರುಗಿದೆ. ನೀವು ಹೊರಟುಹೋಗಿದ್ದಿರಿ.

ಚೌಕದ ಹಾಳೆ ನನ್ನ ಹತ್ತಿರವೇ ಇದೆ ಅಕ್ಕಾ. ತುಂಬಾ ತುಂಬಾ ಥ್ಯಾಂಕ್ಸ್.